ಮಾತಿಗಷ್ಟೇ ಹಲ್ಲು

ಹತ್ತು ಗಂಟೆಯಾದರೂ ಸೆಟ್ಟು ಹೊಳಪಿಗೆ ಬಂದಿರಲಿಲ್ಲ. ತಿರುಗುವ ಬಟ್ಟೆಯ ಚಕ್ರಕ್ಕೆ ಒದ್ದೆ ಪುಡಿ ಮೆತ್ತಿ, ಕೆಳದವಡೆಯ ಹಲ್ಲಿನ ಸೆಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅವನು ಮೋಟಾರಿನ ಗುಂಯ್ ಎನ್ನುವ ಸದ್ದಿನಲ್ಲಿ ತನ್ನ ಕೆಮ್ಮನ್ನು ಮುಚ್ಚಿಕೊಂಡ. ಕೆಮ್ಮಿದ್ದು ಒಳಗಿರುವ ಅಕ್ಕನಿಗೆ ಕೇಳಿದರೆ ಅವಳು ಬಿಸಿನೀರಿನ ಲೋಟ ಹಿಡಿದು ಬರುತ್ತಾಳೆ, ಬಂದವಳು ಹೋಗುವುದಿಲ್ಲ. ಮೂರು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ಎರಡಕ್ಕೆಲ್ಲ ಮಗಳು ಬಂದು, ಒಳಗೆ ಬಾ ಅಂದರೂ ಬಾರದೆ, ಬಾಗಿಲಲ್ಲೇ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಾಳೆ. ಅಷ್ಟರೊಳಗೆ ಇದು ಮುಗಿಯಬೇಕು. ನಲವತ್ತು ವರ್ಷದಲ್ಲಿ ಊರಿನ ಅರ್ಧಕ್ಕರ್ಧ ಬಾಯಿಗೆ ಹಲ್ಲು ಕಟ್ಟಿಕೊಟ್ಟವನು ತನ್ನ ಬಾಯಿಗೆ ಒಂದನ್ನು ಹೊತ್ತಿಗೆ ಸರಿಯಾಗಿ ಮುಗಿಸಲಾರನೆಂದರೆ ಆ ಮಾತನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿಕೊಳ್ಳಲಿಕ್ಕಾದರೂ ಹಲ್ಲು ಬೇಕಲ್ಲ ಎಂದೆನಿಸಿ ಅವನಿಗೆ ನಗು ಬಂತು. ನಕ್ಕಾಗ ಎಡಗಡೆ ಚುಳ್ಳೆಂದಿತು, ನಗುವುದನ್ನು ಅವನು ನಿಲ್ಲಿಸಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಪ್ಲಾಸ್ಟರಿನ ದವಡೆಗಳು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಹೊಯ್ದು ಅಚ್ಚು ಮಾಡಿ, ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಪುಡಿ ಕಲಸಿ ಬೇಯಿಸಿ ಸೆಟ್ಟು ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಅಚ್ಚನ್ನು ಎಸೆಯಬಹುದು. ಅವನು ಎಸೆದವನಲ್ಲ. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಮುಖದ ಗುರುತು ಹತ್ತುವುದಿಲ್ಲ, ಬಾಯಿ ತೆರೆದರೆ ಸಾಕು, ಓ ಇವನಾ ಎಂದು ಗೊತ್ತಾಗುತ್ತದೆ. ಯಾರಿಗೂ ಒಂದಕ್ಷರ ಕಲಿಸದಿದ್ದರೂ ಊರವರ ಬಾಯಲ್ಲಿ ಅವನು ಹಲ್ಲಿನ ಮೇಷ್ಟ್ರು. ಹಲಗೆಯ ತುದಿಯಲ್ಲಿ ಈಗ ಒಂದು ಹೊಸ ಅಚ್ಚಿದೆ, ಅವನದೇ ಬಾಯಿಯದು. ಎಡಗಡೆ, ಹಿಂದೆ, ವಸಡಿನ ಮೇಲೆ ಗೋಲಿಯಷ್ಟು ದಪ್ಪದ ಉಬ್ಬು. ಪ್ಲಾಸ್ಟರಿನಲ್ಲಿ ಅದು ಬೆಳ್ಳಗೆ ಒಣಗಿ, ಯಾರ ತಂಟೆಗೂ ಹೋಗದಂತೆ ಕೂತಿದೆ. ಬಾಯೊಳಗಿನದು ಹಾಗಲ್ಲ. ಕೆಂಪಗೆ, ಮೆತ್ತಗೆ, ನಾಲಿಗೆ ತಾಗಿದರೆ ರಕ್ತ ಒಸರುತ್ತದೆ. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಕಂದು ಕಲೆ ಕಂಡರೆ ಅಕ್ಕ ಏನೂ ಮಾತಾಡದೆ ದಿಂಬಿನ ಹೊದಿಕೆ ಬದಲಿಸುತ್ತಾಳೆ. ಹುಟ್ಟಿದಾಗಿನಿಂದ ಮಾತಿಗೆ ಮಾತು ಕೊಟ್ಟೇ ಬಂದವಳ ಈ ಮೌನ ಅವನಿಗೆ ಕಲೆಗಿಂತ ಹೆಚ್ಚು ಕಸಿವಿಸಿ ತರುತ್ತದೆ.

ಮೂರು ತಿಂಗಳ ಹಿಂದೆ ಅದು ಉಬ್ಬಾಗಿರಲಿಲ್ಲ. ಬೆರಳಿಗೆ ಸಿಕ್ಕರೂ ಕನ್ನಡಿಗೆ ಸಿಗದ ಒಂದು ನೋವಾಗಿತ್ತು. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಅವನು ಓಡಲಿಲ್ಲ, ಯಾಕೆಂದರೆ ಅವನಿಗೆ ಗೊತ್ತಿತ್ತು. ಸೆಟ್ಟು ಒತ್ತುತ್ತಿದೆ, ಅಷ್ಟೆ. ತಾನೇ ಮಾಡಿ ಐದು ವರ್ಷದಿಂದ ಹಾಕಿಕೊಳ್ಳುತ್ತಿದ್ದ ಸೆಟ್ಟು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಿಂದ ನೋವಿನ ಜಾಗಕ್ಕೆ ಗುರುತು ಹಾಕಿ, ಸೆಟ್ಟನ್ನು ಕೂರಿಸಿ ತೆಗೆದರೆ ಬಣ್ಣ ಸೆಟ್ಟಿಗೆ ಅಂಟುತ್ತದೆ. ಅಂಟಿದ ಕಡೆ ಕೂದಲೆಳೆಯಷ್ಟು ಉಜ್ಜಿದರೆ ನೋವು ಹೋಗುತ್ತದೆ. ಸಾವಿರ ಸಲ ಮಾಡಿದ ಕೆಲಸ. ಉಜ್ಜಿದ, ನೋವು ಹೋಗಲಿಲ್ಲ. ಮತ್ತೆ ಗುರುತು ಹಾಕಿದ, ಮತ್ತೆ ಉಜ್ಜಿದ. ಹೀಗೆ ಏಳು ವಾರ. ಪ್ರತಿ ವಾರ ಮಾಂಸ ಒಂದಿಷ್ಟು ಮೇಲೆ ಬರುವುದು, ಅವನು ಸೆಟ್ಟನ್ನು ಅಷ್ಟೇ ಕೊರೆದು ಜಾಗ ಬಿಡುವುದು. ಕರೆಯದೆ ಬಂದ ನೆಂಟನಿಗೆ ಸರಿದು ಸರಿದು ಚಾಪೆ ಬಿಟ್ಟುಕೊಟ್ಟ ಹಾಗೆ. ಕೊನೆಗೆ ಆ ಕಡೆ ಸೆಟ್ಟು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಒಂದು ಬೆಳಿಗ್ಗೆ ಬಾಯಲ್ಲೇ ಲಟಕ್ಕೆಂದಿತು. ಆ ಏಳು ವಾರ ಅವನನ್ನು ತಿಂದದ್ದು ರೋಗದ ಭಯವಲ್ಲ. ಕೈ ಹೋಯಿತೇ ಎನ್ನುವ ಅನುಮಾನ. ಊರಿಗೆಲ್ಲ ಹೊಂದುವ ಹಲ್ಲು ಕೊಟ್ಟು ತನಗೇ ಒತ್ತುವುದನ್ನು ಮಾಡಿಕೊಂಡೆನೇ ಎನ್ನುವ ನಾಚಿಕೆ. ಯಾರಿಗೂ ಹೇಳದೆ, ಕಿಟಕಿಗೆ ಬೆನ್ನು ಹಾಕಿ, ಕಳ್ಳನ ಹಾಗೆ ತನ್ನ ಸೆಟ್ಟನ್ನು ತಾನೇ ಕೊರೆಯುತ್ತಿದ್ದ. ಕೆಮ್ಮಿಗೂ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಪುಡಿ. ನಲವತ್ತು ವರ್ಷ ಈ ಪುಡಿ ಕುಡಿದವನು ಕೆಮ್ಮದೆ ಇನ್ನೇನು ಹಾಡುತ್ತಾನೆಯೇ?

ಆ ದಿನಗಳಲ್ಲೇ ಬಟ್ಟೆ ಅಂಗಡಿಯವನ ತಾಯಿ ನೆನಪಾಗತೊಡಗಿದಳು. ಬೇಡವೆಂದರೂ ಬರುತ್ತಿದ್ದಳು, ಪೆನ್ಸಿಲು ಕೈಗೆತ್ತಿಕೊಂಡಾಗೆಲ್ಲ. ಸೆಟ್ಟು ಒತ್ತುತ್ತಪ್ಪಾ ಎಂದು ದವಡೆ ಹಿಡಿದುಕೊಂಡು ಆಕೆ ಮೂರು ಸಲ ಬಂದಿದ್ದಳು. ಎರಡು ಸಲ ಉಜ್ಜಿ ಕೊಟ್ಟು, ಅಭ್ಯಾಸ ಆಗುತ್ತೆ ಹೋಗಿ ಎಂದಿದ್ದ. ಮೂರನೆಯ ಸಲ ಅವನು ಸೆಟ್ಟನ್ನು ಚಕ್ರಕ್ಕೆ ತಾಗಿಸಲೇ ಇಲ್ಲ. ಬೆನ್ನು ತಿರುಗಿಸಿ ಮೋಟಾರನ್ನು ಸುಮ್ಮನೆ ಓಡಿಸಿ, ಉಜ್ಜಿದವನ ಹಾಗೆ ಫೂ ಎಂದು ಊದಿ, ಈಗ ನೋಡಿ ಎಂದು ಕೊಟ್ಟಿದ್ದ. ಆಕೆ ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, ಅವನ ಮುಖ ನೋಡಿ, 'ಈಗ ಪರವಾಗಿಲ್ಲ' ಎಂದಿದ್ದಳು. ನಾಲ್ಕನೆಯ ಸಲ ಬರಲಿಲ್ಲ. ನಿಜವಾಗಿಯೂ ನೋವು ಹೋಗಿತ್ತೋ, ಇವನ ಹತ್ತಿರ ಹೇಳಿ ಉಪಯೋಗವಿಲ್ಲವೆಂದು ಸೆಟ್ಟನ್ನು ಡಬ್ಬಿಗೆ ಹಾಕಿಟ್ಟಳೋ, ಅವನು ಕೇಳಲು ಹೋಗಲಿಲ್ಲ. ಅವನು ಮಾಡಿದ್ದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ. ಒಬ್ಬರು ನೋವು ಎಂದಾಗ ಅವರ ಬಾಯನ್ನು ನಂಬದೆ ತನ್ನ ಕೈಯನ್ನು ನಂಬಿದ್ದ.

ಸೆಟ್ಟು ಮುರಿದ ಮೇಲೆ ಬೇರೆ ದಾರಿಯಿಲ್ಲದೆ ದಂತವೈದ್ಯೆಯ ಹತ್ತಿರ ಹೋದ. ಅವಳ ಅಪ್ಪನ ಕಾಲದಿಂದಲೂ ಆ ಆಸ್ಪತ್ರೆಗೆ ಇವನದೇ ಕೆಲಸ. ಅವಳು ದೀಪ ಹಿಡಿದು ನೋಡಿದವಳು ತಮಾಷೆ ಮಾಡುವುದನ್ನು ನಿಲ್ಲಿಸಿದಳು; ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಳು. ವಾರದ ಮೇಲೆ ಕರೆಸಿ, ಬಾಗಿಲು ಹಾಕಿ, ಎದುರಿಗೆ ಕೂತು, 'ಅಂಕಲ್, ಇದು ಬಾಯಲ್ಲಿ ಹುಟ್ಟಿದ್ದಲ್ಲ. ಶ್ವಾಸಕೋಶದ ಕ್ಯಾನ್ಸರು. ಅಲ್ಲಿಂದ ಇಲ್ಲಿಗೆ ಬಂದು ಕೂತಿದೆ. ಹೀಗಾಗೋದು ಬಹಳ ಅಪರೂಪ' ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅವನು ಕೇಳಿದ ಮೊದಲ ಮಾತು, 'ಹಾಗಾದ್ರೆ ಸೆಟ್ಟಿನ ತಪ್ಪಲ್ಲ?' ಅವಳಿಗೆ ಅರ್ಥವಾಗಲಿಲ್ಲ. 'ಒತ್ತಿ ಆದದ್ದಲ್ಲ ಅಲ್ವಾ? ನನ್ನ ಸೆಟ್ಟಿಂದ ಆದದ್ದಲ್ಲ?' ಅಲ್ಲ ಎಂದು ಅವಳು ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ, ಹದಿನೆಂಟು ಮೆಟ್ಟಿಲು ಮುಗಿಯುವವರೆಗೂ, ಅವನಿಗೆ ಖುಷಿಯಾಗಿತ್ತು. ಕೈ ಹೋಗಿಲ್ಲ. ಕೆಳಗೆ ಬೀದಿಗೆ ಬಂದು, ಎದುರಿನ ಗ್ಯಾರೇಜಿನಲ್ಲಿ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದುದನ್ನು ನೋಡುತ್ತ ನಿಂತಾಗ, ಶ್ವಾಸಕೋಶ ಎಂದರೆ ತನ್ನದು ಎಂದು ಹೊಳೆಯಿತು. ಆದರೂ ಆ ಹದಿನೆಂಟು ಮೆಟ್ಟಿಲಿನ ಖುಷಿಗೆ ಅವನು ನಾಚಿಕೊಳ್ಳಲಿಲ್ಲ.

ದೊಡ್ಡ ಆಸ್ಪತ್ರೆಗೆ ಮೊದಲ ಸಲ ಹೋದದ್ದು ಹನ್ನೊಂದು ದಿನದ ಹಿಂದೆ. ಬಾಯಿಗೆ ಸೆಟ್ಟು ಹಾಕಬಾರದೆಂದು ದಂತವೈದ್ಯೆ ಹೇಳಿದ್ದರಿಂದ ಎರಡೂ ದವಡೆ ಖಾಲಿ. ಹಲ್ಲು ಹೋದವನ ಕಿವಿಯೂ ಹೋಗಿರುತ್ತದೆ ಎಂದು ಜನ ತಿಳಿದಿರುತ್ತಾರೆಂಬುದು ಅವನಿಗೆ ಅಲ್ಲಿ ಗೊತ್ತಾಯಿತು. ಚೀಟಿ ಬರೆಯುವವಳು, 'ತಾತಾ, ವಯಸ್ಸೆಷ್ಟು?' ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಿದಳು. ಅರವತ್ತಮೂರು ಎನ್ನುವುದು ಬರಿ ವಸಡಿನಲ್ಲಿ ಗಾಳಿಯಾಗಿ ಹೋಯಿತು. ಅವಳು ಅವನನ್ನು ಬಿಟ್ಟು ಮಗಳ ಕಡೆ ತಿರುಗಿದಳು. ಅಲ್ಲಿಂದ ಮುಂದೆ ಎಲ್ಲರೂ ಮಗಳ ಕಡೆಗೇ ತಿರುಗಿದರು: ರಕ್ತ ತೆಗೆಯುವವನು, ಚಿತ್ರ ತೆಗೆಯುವವನು, ಕೊನೆಗೆ ಡಾಕ್ಟರು. ಬೀಡಿ ಸಿಗರೇಟು ಇತ್ತಾ ಎಂದು ಡಾಕ್ಟರು ಅವಳನ್ನೇ ಕೇಳಿದರು. 'ಮುಂಚೆ ಇತ್ತು, ಬಿಟ್ಟು ಹನ್ನೆರಡು ವರ್ಷ ಆಯ್ತು' ಎಂದು ಅವಳು ದನಿ ತಗ್ಗಿಸಿ, ಮಗನ ಪುಂಡಾಟಕ್ಕೆ ಕ್ಷಮೆ ಕೇಳುವ ತಾಯಿಯಂತೆ ಹೇಳಿದಳು. ಅವನಿಗೆ ರೇಗಿತು. ಹೌದು, ಸೇದಿದ್ದ, ಇಪ್ಪತ್ತೈದು ವರ್ಷ, ಯಾರೂ ಅವನ ಬಾಯಿಗೆ ತುರುಕಿರಲಿಲ್ಲ. ಅದನ್ನು ತಲೆಯೆತ್ತಿ ಹೇಳುವ ಹಕ್ಕಾದರೂ ಬೇಡವೇ? ಆಗ ಅವನು ಮೇಜಿನ ಮೇಲೆ ಅಂಗೈ ಊರಿ, ಬಂದಷ್ಟು ಬರಲಿ ಎಂದು, ಎಷ್ಟು ದಿನ ಎಂದು ಕೇಳಿದ್ದ. ಡಾಕ್ಟರಿಗೆ ತಿಳಿಯಲಿಲ್ಲ. ಏನಂತಿದಾರೆ ಎಂದು ಮಗಳನ್ನು ಕೇಳಿದರು. ಮಗಳಿಗೆ ತಿಳಿದಿತ್ತು. ಹತ್ತು ದಿನದಿಂದ ಅವನ ಒಂದೊಂದು ಮಾತನ್ನೂ ಬಿಡದೆ ಹಿಡಿಯುತ್ತಿದ್ದವಳು ಅವಳೇ. ಅವನ ಕಣ್ಣಿನಲ್ಲಿ ಕಣ್ಣಿಟ್ಟು ಒಂದು ಗಳಿಗೆ ನೋಡಿ, ಡಾಕ್ಟರ ಕಡೆ ತಿರುಗಿ, 'ಊಟ ಹೇಗೆ ಮಾಡ್ಬೇಕು ಅಂತ ಕೇಳ್ತಿದಾರೆ' ಎಂದಳು.

ಬರುವಾಗ ಕಾರು ಓಡಿಸಿದ್ದು ಮಗಳು. ಅವಳು ಸಿಟ್ಟಿನಿಂದ ಗೇರು ಬದಲಿಸುತ್ತಿದ್ದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮುಚ್ಚಿಟ್ಟವಳ ಮುಖ ಹೇಗಿರುತ್ತದೆಂದು ಅವನು ಅವತ್ತು ನೋಡಿದ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಪ್ರೀತಿಯಿಂದಲೇ ಆಗಲಿ, ಬಾಯಿ ಮುಚ್ಚಿಸಿದ್ದು ಬಾಯಿ ಮುಚ್ಚಿಸಿದ್ದೇ. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಅಳತೆ ತೆಗೆಯುವ ತಟ್ಟೆಗಳನ್ನು ಹುಡುಕಿದ.

'ನಿನಗೇನು ಹುಚ್ಚೇನೋ? ಆ ಹಲ್ಲಿನ ಡಾಕ್ಟ್ರು ಹುಡುಗಿ ಮುಟ್ಟಬೇಡ ಅಂದಿದಾಳೆ' ಎಂದಳು ಅಕ್ಕ.

ಕನ್ನಡಿ ಹಿಡಿ ಎಂದು ಅವನು ಸನ್ನೆ ಮಾಡಿದ. ಎಪ್ಪತ್ತು ದಾಟಿದವಳು, ಬೆರಳು ಕೊಯ್ದುಕೊಂಡರೂ ಮುಖ ತಿರುಗಿಸುವವಳು, ಬೈಯುತ್ತಲೇ ಕನ್ನಡಿ ಹಿಡಿದಳು. ತಟ್ಟೆಗೆ ಮೆತ್ತನೆಯ ಪೇಸ್ಟು ತುಂಬಿ ಬಾಯಿಗಿಟ್ಟು ಒತ್ತಿ, ಮೂರು ನಿಮಿಷ ಅಲ್ಲಾಡದೆ ಕೂತ. ಕಣ್ಣಿಂದ ನೀರು ಇಳಿಯುತ್ತಿತ್ತು. ತೆಗೆದಾಗ ಪೇಸ್ಟಿನ ಎಡಭಾಗ ಪೂರ್ತಿ ರಕ್ತ. ಅಕ್ಕ ಕನ್ನಡಿಯನ್ನು ಕೆಳಗಿಡಲಿಲ್ಲ. 'ಏನನ್ನ ತಿನ್ನೋಕೋ ಈ ಸೆಟ್ಟು? ನುಂಗೋಕೇ ಆಗದವನಿಗೆ?' ಎಂದಳು. ಅವನು ಬಾಯಿ ಮುಕ್ಕಳಿಸಿ, ಮಸಿ ಪೆನ್ನು ತೆಗೆದುಕೊಂಡು, ಹಳೆಯ ರಸೀದಿಯ ಹಿಂದೆ ಬರೆದು ತೋರಿಸಿದ: ತಿನ್ನೋಕಲ್ಲ, ಮಾತಾಡೋಕೆ. ಅಕ್ಕ ಅದನ್ನು ದೂರ ಹಿಡಿದು ಓದಿ, 'ಹಲ್ಲಿದ್ದಾಗ ನೀನು ಮಾತಾಡಿದ್ದು ಅಷ್ಟರಲ್ಲೇ ಇದೆ' ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ತುಂಬ ಹೊತ್ತು ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

ನಲವತ್ತು ವರ್ಷದಲ್ಲಿ ಅವನು ಇಂಥದೊಂದು ಮಾಡಿರಲಿಲ್ಲ. ಜನ ತಿನ್ನಲು ಕೇಳುತ್ತಾರೆ, ಮದುವೆಯ ಫೋಟೋಕ್ಕೆ ಕೇಳುತ್ತಾರೆ. ಬರಿ ಮಾತಿಗೆಂದು ಯಾರೂ ಕೇಳಿದವರಿಲ್ಲ. ಎಡಗಡೆ ದವಡೆ ಹಲ್ಲುಗಳನ್ನು ಕೂರಿಸಲೇ ಇಲ್ಲ. ಆ ಉಬ್ಬಿನ ಸುತ್ತ ಗುಲಾಬಿ ಗೋಡೆಯನ್ನು ದೂರ ಸರಿಸಿ, ಮೇಲೆ ಕಿಟಕಿಯಂತೆ ತೆರೆದು ಬಿಟ್ಟ. ಈ ಸಲ ಅದಕ್ಕೆ ಹೆದರಿ ಜಾಗ ಬಿಟ್ಟದ್ದಲ್ಲ. ನಿನ್ನ ಹದ್ದು ಇಷ್ಟು, ಇದರಾಚೆ ಕಾಲಿಡಬೇಡ ಎಂದು ಬೇಲಿ ಹಾಕಿದ್ದು. ಮುಂದಿನ ಹಲ್ಲು ಆರಿಸುವಾಗ ಬಿಳಿಯ ಪೆಟ್ಟಿಗೆ ಬಿಟ್ಟು ಮಾಸಿದ ಬಣ್ಣದ್ದನ್ನು ತೆಗೆದ. ಐದು ವರ್ಷದ ಹಿಂದೆ ಸಾಲು ಹಿಡಿದು ನಿಲ್ಲಿಸಿದ್ದ, ಜಂಬದಿಂದ. ಈಗ ಒಂದನ್ನು ಸ್ವಲ್ಪ ಓರೆಯಾಗಿ, ಪಕ್ಕದ್ದರ ಹೆಗಲ ಮೇಲೆ ಹತ್ತಿದ ಹಾಗೆ ಕೂರಿಸಿದ. ಅವನ ಹುಟ್ಟು ಹಲ್ಲು ಹಾಗೇ ಇತ್ತು, ಶಾಲೆಯಲ್ಲಿ ಅದಕ್ಕೇ ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು. ಮೇಣದ ಮೇಲೆ ಬಗ್ಗಿದಾಗ ಎದೆಯೊಳಗೆ ಏನೋ ಸಿಕ್ಕಿ ಹಾಕಿಕೊಂಡಂತಾಗಿ ಉಸಿರಿಗೆ ಎದ್ದು ನಿಲ್ಲಬೇಕಾಗುತ್ತಿತ್ತು. ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ. ಕೈ ಮಾತ್ರ ಎಳ್ಳಷ್ಟೂ ನಡುಗಲಿಲ್ಲ. ಅದನ್ನು ಅವನು ಆಗಾಗ ದೀಪದ ಕೆಳಗೆ ಹಿಡಿದು ನೋಡಿಕೊಂಡ, ಹೊಟ್ಟೆಕಿಚ್ಚುಪಡಲಿ ಎಂದು ಯಾರಿಗೋ ತೋರಿಸುವವನ ಹಾಗೆ.

ಇವತ್ತು ಹನ್ನೆರಡೂವರೆಗೆ ಹೊಳಪು ಬಂತು. ತೊಳೆದು, ಮೇಲಿನ ಹಳೆಯ ಸೆಟ್ಟು ಹಾಕಿಕೊಂಡು, ಕೆಳಗಿನದನ್ನು ಮೆಲ್ಲಗೆ ಕೂರಿಸಿದ. ಬಲಗಡೆ ಕೂತಿತು, ಎಡಗಡೆ ಬೆಂಕಿ ತಾಗಿದಂತಾಯಿತು. ಗಿರಾಕಿಗಳಿಗೆ ಹೊಸ ಸೆಟ್ಟು ಕೊಟ್ಟಾಗ ಅವನು ವಾರಗಳ ಹೆಸರು ಹೇಳಿಸುತ್ತಾನೆ. ಸ, ಶ ಸಿಳ್ಳೆಯಾದರೆ ಮುಂದಿನ ಹಲ್ಲು ತಪ್ಪಿದೆ ಎಂದರ್ಥ. 'ಸೋಮವಾರ' ಎಂದ ಗೋಡೆಯ ದವಡೆಗಳಿಗೆ. 'ಶುಕ್ರವಾರ. ಶನಿವಾರ.' ಸಿಳ್ಳೆಯಿಲ್ಲ. ತನ್ನ ದನಿ ತನಗೇ ಕೇಳಿ ಎದೆ ತುಂಬಿ ಬಂತು, ಮೂರು ವಾರ ಊರಿನಲ್ಲಿಲ್ಲದವನು ಬಾಗಿಲು ತಟ್ಟಿದಂತೆ. ಗಡಿಯಾರ ನೋಡಿಕೊಂಡು ಕೂತ. ಹತ್ತು ನಿಮಿಷವಾಗುವಷ್ಟರಲ್ಲಿ ನೋವು ಕಿವಿಗೇರಿ, ನಾಲಿಗೆಗೆ ರಕ್ತದ ರುಚಿ ಹತ್ತಿತು. ಹತ್ತು ನಿಮಿಷ ಸಾಕು. ತೆಗೆದು ನೀರಿನ ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. 'ಶನಿವಾರ ಏನಿದೆಯೋ?' ಎಂದಳು. ಬಹಳ ದಿನದ ಮೇಲೆ ಅವಳ ಹಳೆಯ ದನಿ. ಅವನು ನಕ್ಕು, ಏನೂ ಇಲ್ಲ ಎಂದು ಕೈಯಾಡಿಸಿದ.

ಮಗಳು ಎರಡಕ್ಕೆ ಬಂದು ಬಾಗಿಲಲ್ಲಿ ನಿಂತಳು. ಕಾರಿನಲ್ಲಿ, 'ಅಪ್ಪ, ಇವತ್ತು ಸುಮ್ನೆ ಅವರು ಹೇಳೋದನ್ನ ಕೇಳೋಣ, ಆಯ್ತಾ?' ಎಂದಳು. ಅವನು ಕಿಟಕಿಯಾಚೆ ನೋಡಿದ. ಸಿಗ್ನಲ್ಲಿನಲ್ಲಿ ಒಬ್ಬಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹಲ್ಲು ಸರಿಯಿಲ್ಲದವರು ನಗುವ ರೀತಿ ಅದು. ಎಷ್ಟು ಜನ ಹಾಗೆ ಜೀವಮಾನವಿಡೀ ಬಾಯಿಗೆ ಕೈ ಹಿಡಿದೇ ಕಳೆದುಬಿಡುತ್ತಾರೆ ಎಂದುಕೊಂಡ.

ಡಾಕ್ಟರು ಕಂಪ್ಯೂಟರಿನಿಂದ ಕಣ್ಣೆತ್ತಿ, ಮಗಳನ್ನು ನೋಡಿ, 'ಹೇಗಿದಾರೆ? ಊಟ ಸೇರ್ತಿದೆಯಾ?' ಎಂದರು. 'ಅರೆದು ಕೊಟ್ರೆ ಒಂದಿಷ್ಟು ತಗೋತಾರೆ' ಎಂದಳು ಅವಳು. ಅವನು ಜೇಬಿನಿಂದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ, ಅವರ ಮೇಜಿನ ಮೇಲೆ ನೀರು ತೊಟ್ಟಿಕ್ಕಿದ್ದನ್ನು ಲೆಕ್ಕಿಸದೆ, ಮೇಲಿನದನ್ನು ಹಾಕಿಕೊಂಡ, ಕೆಳಗಿನದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ನೋವಿಗೆ ಕಣ್ಣು ಕತ್ತಲಿಟ್ಟಿತು. ತೆರೆದಾಗ ಇಬ್ಬರೂ ಅವನನ್ನೇ ನೋಡುತ್ತಿದ್ದರು.

'ಡಾಕ್ಟ್ರೇ, ಈ ಕಡೆ ನೋಡಿ ಮಾತಾಡಿ.'

'ಇದನ್ನ ಯಾರು ಮಾಡ್ಕೊಟ್ಟಿದ್ದು? ಇದು ಹಾಕೋಬಾರ್ದು, ಆ ಗೆಡ್ಡೆ...'

'ನಾನೇ ಮಾಡ್ಕೊಂಡಿದ್ದು. ಹಾಕೋಬಾರ್ದು ಅಂತ ಗೊತ್ತು. ಹತ್ತು ನಿಮಿಷ ಅಷ್ಟೇ. ಹೋದ ಸಲ ಒಂದು ಮಾತು ಕೇಳಿದ್ದೆ. ಊಟದ ವಿಷಯ ಅಂತ ನಿಮಗೆ ಹೇಳಿದ್ರು. ನಾನು ಊಟದ ವಿಷಯ ಕೇಳಿರ್ಲಿಲ್ಲ. ಎಷ್ಟು ದಿನ ಅಂತ ಕೇಳಿದ್ದೆ.'

ಮಗಳ ಕುರ್ಚಿ ಕಿರುಗುಟ್ಟಿತು. ಅವನು ಅತ್ತ ನೋಡಲಿಲ್ಲ. ನೋಡಿದರೆ ಸೋಲುತ್ತೇನೆಂದು ಅವನಿಗೆ ಗೊತ್ತಿತ್ತು. ಡಾಕ್ಟರು ಅಭ್ಯಾಸ ಬಲದಿಂದ ಒಮ್ಮೆ ಅವಳ ಕಡೆ ಕಣ್ಣು ಹೊರಳಿಸಿದರು. 'ಅಲ್ಲೇನು ನೋಡ್ತೀರಿ? ಕಾಯಿಲೆ ನಂದು, ಬಾಯಿ ನಂದು' ಎಂದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಇವನ ಎದುರಿಗೆ ತಿರುಗಿಸಿಕೊಂಡರು.

'ನಿಖರವಾಗಿ ಯಾರಿಗೂ ಹೇಳೋಕಾಗಲ್ಲ. ಬಾಯಿಗೆ ಬಂದು ಕೂತಿದೆ ಅಂದ್ರೆ ಬಹಳ ದೂರ ಹರಡಿದೆ ಅಂತ ಅರ್ಥ. ಏನೂ ಮಾಡ್ದೆ ಇದ್ರೆ ಮೂರ್ನಾಲ್ಕು ತಿಂಗಳು. ಔಷಧಿ ಹಿಡಿದ್ರೆ ಎಂಟು, ಹತ್ತು. ಕೆಲವರಿಗೆ ಇನ್ನೂ ಹೆಚ್ಚು. ಆದ್ರೆ ವಾಸಿ ಆಗಲ್ಲ.'

ಅವನೊಳಗೆ ಯಾವುದೋ ಬಿಗಿ ಸಡಿಲವಾಯಿತು. ಹನ್ನೊಂದು ದಿನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳುವಂತೆ ಯಾರೋ ಅವನಿಗೆ ಏನನ್ನೋ ಹೇಳಿದ್ದರು. ವಾಸಿ ಆಗಲ್ಲ ಎನ್ನುವ ಮಾತು ಕೂಡ, ಮುಖ ನೋಡಿ ಹೇಳಿದಾಗ, ಮರ್ಯಾದೆಯ ಮಾತಾಗಿತ್ತು. 'ಸರಿ' ಎಂದ. 'ಈ ಬಾಯಿಂದು?'

'ಬಿಟ್ರೆ ಬೆಳೆಯುತ್ತೆ. ನುಂಗೋದು ಕಷ್ಟ, ಮಾತು ಪೂರ್ತಿ ನಿಲ್ಲಬಹುದು. ಅಲ್ಲಿಗೆ ಐದು ದಿನ ರೇಡಿಯೇಷನ್ ಕೊಟ್ರೆ ಕುಗ್ಗುತ್ತೆ, ರಕ್ತಾನೂ ನಿಲ್ಲುತ್ತೆ. ಆದ್ರೆ ಎದೆದು ಮುಖ್ಯ, ನಾವು ಸಾಮಾನ್ಯವಾಗಿ ಅದಕ್ಕೇ ಔಷಧಿ ಮೊದ್ಲು ಶುರು ಮಾಡ್ತೀವಿ. ಎರಡನ್ನೂ ಒಟ್ಟಿಗೆ ತಡ್ಕೊಳ್ಳೋ ಶಕ್ತಿ ಇವರಿಗೆ...' ಅವರು ಮತ್ತೆ ಮಗಳ ಕಡೆ ತಿರುಗಿಬಿಟ್ಟಿದ್ದರು. 'ಯಾವುದು ಮೊದ್ಲು ಅಂತ ನೀವು ಯೋಚನೆ ಮಾಡಿ ಹೇಳಿ.'

ಈಗ ಅವನು ಮಗಳನ್ನು ನೋಡಿದ. ಅವಳ ಗಲ್ಲ ಅದುರುತ್ತಿತ್ತು, ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡು ಅಳಬಾರದೆಂದು ಹಟ ಹಿಡಿದಾಗ ಅದುರುತ್ತಿದ್ದಂತೆ. ಅವಳ ಕೈ ಚೀಲದ ಪಟ್ಟಿಯನ್ನು ಹಿಂಡಿ ಹಿಡಿದಿತ್ತು. ಇವಳಿಗಾಗಿ ಊಟದ ವಿಷಯವನ್ನೇ ಕೇಳಿಬಿಡಬಾರದಿತ್ತೇ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಅವಳು, 'ನನ್ನನ್ನ ಕೇಳ್ಬೇಡಿ ಡಾಕ್ಟ್ರೇ' ಎಂದಳು. ದನಿ ಒಡೆದಿತ್ತು. 'ಅವರನ್ನೇ ಕೇಳಿ. ಎದುರಿಗೇ ಇದಾರಲ್ಲ.'

ತುಟಿಯ ತುದಿಗೆ ರಕ್ತ ಬಂದಿತ್ತು. ಮಗಳು ಕರವಸ್ತ್ರ ಹಿಡಿದು ಕೈ ಚಾಚಿದಳು. ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಾನೇ ಒರೆಸಿಕೊಂಡು, ಮಡಚಿ ಮುಷ್ಟಿಯಲ್ಲಿಟ್ಟುಕೊಂಡ.

'ಬಾಯಿಂದ ಶುರು ಮಾಡಿ' ಎಂದ. 'ಎದೆ ಕಾಯಲಿ. ನನಗೆ ಇನ್ನೂ ಮಾತಾಡೋದಿದೆ.'

ಡಾಕ್ಟರು ಕನ್ನಡಕ ಹಾಕಿಕೊಂಡು ಅದನ್ನು ಹಾಗೇ ಬರೆದುಕೊಂಡರು.